29 ನಂಬರಿನ ಜೆರ್ಸಿ ಕೇಳುವ ಹುಡುಗರ ಪರವಾಗಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಹಿರಿಯರೊಬ್ಬರು ಬರೆದಿದ್ದರು. ಕಲಬುರಗಿಯ ಹುಡುಗರು ಯಾವುದೋ ಗೊತ್ತಿಲ್ಲದ ದೇಶದ ಫುಟ್‌ಬಾಲ್ ಆಟಗಾರನ ಫೋಟೊ ಸ್ಟೇಟಸ್‌ಗೆ ಹಾಕಿಕೊಂಡು ತಿರುಗುತ್ತಾರೆ, ಹಗಲು ರಾತ್ರಿ ಅವನ ರೀಲ್ಸ್ ನೋಡುತ್ತಾರೆ, ಅವನಿಗೂ ಇವರಿಗೂ ಏನು ಸಂಬಂಧ, ಇದೆಲ್ಲ ಸುಮ್ನೆ ಹೊತ್ತು ಹಾಳು ಅನ್ನುವುದು ಅವರ ಮಾತು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನನಗೂ ಪಿಯುಸಿ ಓದುವ ಮಗನಿದ್ದಾನೆ. ಆದರೆ ಆ ಪತ್ರ ಓದಿ ಸುಮ್ಮನಿರಲು ಆಗಲಿಲ್ಲ. ಅವರು ಹೆಸರು ಹೇಳದೆ ಬರೆದ ಆ ಆಟಗಾರ ಪಾಪ್ ಮತಾರ್ ಸಾರ್ ಅಂತ ನನಗೆ ಗೊತ್ತು. ಅವನ ಹೆಸರನ್ನು, ನಂಬರನ್ನು ಬಟ್ಟೆಯ ಮೇಲೆ ಒತ್ತಿ ಕೊಡುವವಳು ನಾನೇ.

ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನಂದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ ಇದೆ. ನಾನು, ನನ್ನ ತಮ್ಮ ಸೇರಿ ನಡೆಸುತ್ತೇವೆ. ಮೊದಲು ಮದುವೆ ಕಾರ್ಡು, ಬ್ಯಾನರ್ ಮಾಡುತ್ತಿದ್ದೆವು. ಈಗ ಟೀ ಶರ್ಟು, ಜೆರ್ಸಿಯೇ ಜಾಸ್ತಿ. ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ಗಣೇಶನ ಹಬ್ಬ ಬಂದರೆ ಯುವಕ ಸಂಘದವರು ಬರುತ್ತಾರೆ. ಬೇಸಿಗೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಯವರು ಬರುತ್ತಾರೆ. ತಿರುಪ್ಪೂರು, ಜಲಂಧರ್ ಕಡೆಯಿಂದ ಬರುವ ಪ್ಲೇನ್ ಜೆರ್ಸಿ ತರಿಸಿ ಇಟ್ಟಿರುತ್ತೇವೆ. ಹೆಸರು, ನಂಬರನ್ನು ವಿನೈಲ್ ಹಾಳೆಯಲ್ಲಿ ಕತ್ತರಿಸಿ, ಬೇಡದ ಭಾಗವನ್ನು ಸೂಜಿಯಿಂದ ಬಿಡಿಸಿ ತೆಗೆದು, ಹೀಟ್ ಪ್ರೆಸ್‌ನಲ್ಲಿ 150 ಡಿಗ್ರಿ ಹತ್ತಿರದ ಕಾವಿನಲ್ಲಿ ಒತ್ತುತ್ತೇವೆ. ಮೇ ತಿಂಗಳ ನಮ್ಮ ಊರಿನ ಬಿಸಿಲಿನಲ್ಲಿ ಆ ಯಂತ್ರದ ಮುಂದೆ ನಿಲ್ಲುವುದು ಎಂಥದ್ದು ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಯಾವ ಹುಡುಗ ಯಾರನ್ನು ಇಷ್ಟಪಡುತ್ತಾನೆ ಅಂತ ಊರಿನಲ್ಲಿ ಮೊದಲು ಗೊತ್ತಾಗುವುದು ನಮ್ಮಂಥವರಿಗೇ. ಕೊಹ್ಲಿಯ 18, ಧೋನಿಯ 7 ಎಂದಿಗೂ ಇದ್ದದ್ದೇ. ಫುಟ್‌ಬಾಲ್ ಅಂದರೆ ಮೆಸ್ಸಿಯ 10, ರೊನಾಲ್ಡೊ 7. ಒಂದು ದಿನ ಎಂ.ಎಸ್.ಕೆ. ಮಿಲ್ ಕಡೆಯ ಹುಡುಗನೊಬ್ಬ ಬಿಳಿ ಜೆರ್ಸಿ ಹಿಡಿದು, “ಅಕ್ಕಾ, ಇದಕ್ಕ 29 ಹಾಕ್ರಿ. ಮ್ಯಾಲೆ ಸಾರ್ ಅಂತ ಬರೀರಿ” ಅಂದ. ಯಾರಪ್ಪಾ ಇವನು ಅಂತ ಕೇಳಿದೆ. ಫೋನ್ ತೆಗೆದು ತೋರಿಸಿದ. ತೆಳ್ಳಗೆ, ಉದ್ದಕ್ಕೆ ಇರುವ ಹುಡುಗ. ಮುಖದ ತುಂಬ ನಗು. ಪಾಪ್ ಮತಾರ್ ಸಾರ್. ಸೆನೆಗಲ್ ದೇಶದವನು. ಲಂಡನ್ನಿನ ಟಾಟನ್‌ಹ್ಯಾಮ್ ತಂಡಕ್ಕೆ ಆಡುತ್ತಾನೆ. ಆಮೇಲೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ರೋಜಾ ಕಡೆಯವರು, ಬ್ರಹ್ಮಪುರದವರು, ಆಳಂದದಿಂದ ಬಸ್ ಹತ್ತಿ ಬಂದವರು. ಎಲ್ಲರದೂ ಅದೇ 29.

ನನಗೆ ಆಶ್ಚರ್ಯ ಆಗಿದ್ದು ಒಂದೇ ವಿಷಯಕ್ಕೆ. ಇವನು ಗೋಲು ಹೊಡೆದು ಹೆಸರು ಮಾಡಿದವನಲ್ಲ. ಮಿಡ್‌ಫೀಲ್ಡರ್. ನಡುವೆ ನಿಂತು ಓಡುವವನು, ಚೆಂಡು ಕಿತ್ತುಕೊಳ್ಳುವವನು, ಬೇರೆಯವರಿಗೆ ಕೊಡುವವನು. “ಗೋಲ್ ಹೊಡ್ಯಾವ್ರ ಹೆಸರು ಬಿಟ್ಟು ಇವನ್ಯಾಕೋ?” ಅಂತ ಆ ಮೊದಲಿನ ಹುಡುಗನನ್ನೇ ಕೇಳಿದ್ದೆ. “ಅಕ್ಕಾ, ಅವ ನಿಂದ್ರಂಗೇ ಇಲ್ರಿ. ಸೋತ್ರೂ ಓಡ್ತಾನ, ಗೆದ್ರೂ ಓಡ್ತಾನ” ಅಂದ. ಇಂಥ ಉತ್ತರ ಕೊಡುವ ಹುಡುಗ ಹೊತ್ತು ಹಾಳು ಮಾಡುತ್ತಿದ್ದಾನೆ ಅಂತ ನಾನು ಹೇಗೆ ಒಪ್ಪಲಿ?

ಆಮೇಲೆ ಮಗನ ಜೊತೆ ಕೂತು ಇವನ ಬಗ್ಗೆ ತಿಳಿದುಕೊಂಡೆ. ಹುಟ್ಟಿದ್ದು 2002ರ ಸೆಪ್ಟೆಂಬರ್‌ನಲ್ಲಿ, ರಾಜಧಾನಿ ಡಾಕರ್ ಹೊರವಲಯದ ಥಿಯಾರೊಯ್ ಎಂಬ ಊರಿನಲ್ಲಿ. ಬೆಳೆದದ್ದು ಜೆನರೇಷನ್ ಫುಟ್ ಎಂಬ ಅಕಾಡೆಮಿಯಲ್ಲಿ. ಅದನ್ನು 2000ದಲ್ಲಿ ಮಾಡಿ ತೂರೆ ಎಂಬ ಹಳೆಯ ಆಟಗಾರ ಕಟ್ಟಿದರು. ಹುಡುಗರು ಅಲ್ಲೇ ಉಳಿದು ಆಟದ ಜೊತೆ ಓದನ್ನೂ ಮಾಡುತ್ತಾರೆ. ಫ್ರಾನ್ಸಿನ ಮೆಟ್ಸ್ ಎಂಬ ಕ್ಲಬ್ಬು 2003ರಿಂದ ಅದರ ಜೊತೆ ಕೈಜೋಡಿಸಿದೆ. ಒಳ್ಳೆಯ ಹುಡುಗರು ಅಲ್ಲಿಂದ ನೇರ ಮೆಟ್ಸ್‌ಗೆ ಹೋಗುತ್ತಾರೆ. ಸೆನೆಗಲ್‌ನ ಹೆಸರಾಂತ ಆಟಗಾರ ಸಾದಿಯೊ ಮಾನೆ ಹೋದದ್ದು ಇದೇ ದಾರಿಯಲ್ಲಿ. ಇದೇ ಅಡ್ಡಹೆಸರಿನ ಇನ್ನೊಬ್ಬ ಆಟಗಾರ ಇಸ್ಮಾಯಿಲಾ ಸಾರ್ ಹೋದದ್ದೂ ಇದೇ ದಾರಿಯಲ್ಲಿ. ಈ ಹುಡುಗ 2020ರಲ್ಲಿ ಹೋದ. ಒಂದೇ ವರ್ಷಕ್ಕೆ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, 2021ರ ಆಗಸ್ಟ್‌ನಲ್ಲಿ ಟಾಟನ್‌ಹ್ಯಾಮ್ ಇವನನ್ನು ಕೊಂಡುಕೊಂಡಿತು.

ರೀಲ್ಸ್‌ನಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಹಿನ್ನೆಲೆಯಲ್ಲಿ ಜೋರು ಮ್ಯೂಸಿಕ್, ಹುಡುಗ ವಿಮಾನ ಹತ್ತಿದ, ಸ್ಟಾರ್ ಆದ. ಆದರೆ ಕೊಂಡುಕೊಂಡ ಟಾಟನ್‌ಹ್ಯಾಮ್ ಇವನನ್ನು ಆ ವರ್ಷ ಆಡಿಸಲೇ ಇಲ್ಲ. ಮೆಟ್ಸ್‌ಗೇ ವಾಪಸ್ ಎರವಲು ಕೊಟ್ಟಿತು. ಆ ವರ್ಷ ಮೆಟ್ಸ್ ಸೋತು ಸೋತು ಮೊದಲ ದರ್ಜೆಯಿಂದ ಕೆಳಗಿಳಿಯಿತು. ಆಮೇಲೆ ಲಂಡನ್ನಿಗೆ ಬಂದ ಮೇಲೂ ತಿಂಗಳುಗಟ್ಟಲೆ ಬೆಂಚಿನ ಮೇಲೆ ಕೂತ. 2023ರ ಫೆಬ್ರುವರಿಯಲ್ಲಿ ಮಿಲಾನ್‌ನಲ್ಲಿ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಇಳಿಸಿದಾಗ ಜನ ಇವನನ್ನು ಸರಿಯಾಗಿ ನೋಡಿದರು. ಟಾಟನ್‌ಹ್ಯಾಮ್‌ಗೆ ಇವನ ಮೊದಲ ಗೋಲು ಬಂದದ್ದು 2023ರ ಆಗಸ್ಟ್ 19ರಂದು, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ. ಕೊಂಡುಕೊಂಡ ದಿನದಿಂದ ಲೆಕ್ಕ ಹಾಕಿದರೆ ಎರಡು ವರ್ಷ ಕಾದ. ಆ ಕಾಯುವಿಕೆಯ ರೀಲ್ ಯಾರೂ ಮಾಡುವುದಿಲ್ಲ. ನನ್ನ ಅಂಗಡಿಗೆ ಬರುವ ಹುಡುಗರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಪ್ರೆಸ್ ಬಿಸಿಯಾಗುವ ತನಕ ಅವರೂ ನಿಂತಿರಬೇಕಲ್ಲ, ಕೇಳುತ್ತಾರೆ.

ಫೋನಿನಲ್ಲಿ ಇವನು ಜಾಸ್ತಿ ಹರಿದಾಡಿದ್ದು 2025ರ ಜುಲೈ ಕೊನೆಯಲ್ಲಿ. ಹಾಂಗ್‌ಕಾಂಗ್‌ನಲ್ಲಿ, ಲಂಡನ್ನಿನದೇ ಇನ್ನೊಂದು ತಂಡ ಆರ್ಸೆನಲ್ ಜೊತೆ ಸ್ನೇಹಪರ ಪಂದ್ಯ. ಮೈದಾನದ ನಡು ಗೆರೆಯ ಹತ್ತಿರ ಚೆಂಡು ಸಿಕ್ಕಿತು. ಆ ಕಡೆ ಗೋಲ್‌ಕೀಪರ್ ರಾಯಾ ಮುಂದೆ ಬಂದು ನಿಂತಿದ್ದ. ಸಾರ್ ತಲೆ ಎತ್ತಿ ನೋಡಿದವನೇ ಅಲ್ಲಿಂದಲೇ ಹೊಡೆದ. ಚೆಂಡು ಅಷ್ಟು ದೂರ ಗಾಳಿಯಲ್ಲಿ ಹೋಗಿ, ಕೀಪರ್ ತಲೆಯ ಮೇಲಿಂದ ದಾಟಿ ಬಲೆಗೆ ಬಿತ್ತು. ಪಂದ್ಯದ ಒಂದೇ ಗೋಲು ಅದು. ಮರುದಿನ ಬೆಳಗ್ಗೆ ನಾನು ಶಟರ್ ಎತ್ತುವಾಗಲೇ ಹುಡುಗರು ಕಾಯುತ್ತಿದ್ದರು. ಒಬ್ಬೊಬ್ಬರ ಫೋನಿನಲ್ಲೂ ಅದೇ ವಿಡಿಯೊ. ಕನ್ನಡದಲ್ಲಿ ಬರಹ ಹಾಕಿ ಎಡಿಟ್ ಮಾಡಿದವರೂ ಇದ್ದರು. ನೋಡಿ ನನಗೂ ಖುಷಿಯಾಯಿತು. ಇಂಥ ಗೋಲಿಗೆ ಮೈ ಜುಮ್ ಅನ್ನದವರು ಯಾರು?

ಆದರೂ ಒಂದು ಮಾತು. ನಾನು ಇವನ ಪೂರ್ತಿ ಪಂದ್ಯ ನೋಡಿದ್ದು ಅದಕ್ಕೂ ಮೊದಲು, ಅದೇ ವರ್ಷದ ಮೇ ತಿಂಗಳಲ್ಲಿ. ಯುರೋಪಾ ಲೀಗ್ ಫೈನಲ್. ಸ್ಪೇನಿನ ಬಿಲ್ಬಾವೊದಲ್ಲಿ ಮೇ 21ರ ರಾತ್ರಿ, ನಮಗೆ 22ರ ನಡುರಾತ್ರಿ ಹನ್ನೆರಡೂವರೆ. ಸೆಕೆಗೆ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿದ್ದೆವು. ಮಗ ದಿಂಬಿಗೆ ಫೋನ್ ಆನಿಸಿ ಇಟ್ಟಿದ್ದ. ಟಾಟನ್‌ಹ್ಯಾಮ್‌ಗೆ ಆ ವರ್ಷ ಲೀಗ್‌ನಲ್ಲಿ ಹದಿನೇಳನೇ ಸ್ಥಾನ. 2008ರಿಂದ ಒಂದೂ ಕಪ್ ಇಲ್ಲ. 42ನೇ ನಿಮಿಷದಲ್ಲಿ ಎಡಗಡೆಯಿಂದ ಸಾರ್ ಚೆಂಡನ್ನು ಗೋಲಿನ ಮುಂದಕ್ಕೆ ಹಾಕಿದ. ಅಲ್ಲಿ ಕಾಲು ಕಾಲು ತಾಗಿ ಗೊಂದಲವಾಗಿ ಚೆಂಡು ಒಳಗೆ ಹೋಯಿತು. ಗೋಲು ಬ್ರೆನನ್ ಜಾನ್ಸನ್ ಲೆಕ್ಕಕ್ಕೆ. ಮುಂದೆ ಅರ್ಧ ಪಂದ್ಯ ಪೂರ್ತಿ ಎದೆ ಬಡಿತ. ಟಾಟನ್‌ಹ್ಯಾಮ್ ಡಿಫೆಂಡರ್ ವಾನ್ ಡೆ ವೆನ್ ಗೋಲಿನ ಗೆರೆಯ ಹತ್ತಿರ ಗಾಳಿಯಲ್ಲಿ ಹಾರಿ ಕಾಲಿನಿಂದ ಚೆಂಡು ತಡೆದಾಗ ಮಗ ಕೂಗಿದ್ದಕ್ಕೆ ಪಕ್ಕದ ಮಾಳಿಗೆಯ ಕಾಕಾ ಎದ್ದು ಕೂತರು. ಒಂದು–ಸೊನ್ನೆ. ನಾಯಕ ಸನ್ ಹ್ಯೂಂಗ್-ಮಿನ್ ಅಳುತ್ತಿದ್ದರು.

ಆ ರಾತ್ರಿ ನನಗೆ ಗೊತ್ತಾಗಿದ್ದು ಏನೆಂದರೆ, ಸಾರ್ ಮಾಡುವ ಕೆಲಸದ ಬಹುಪಾಲು ರೀಲ್ಸ್‌ನಲ್ಲಿ ಸಿಗುವುದೇ ಇಲ್ಲ. ಚೆಂಡು ಇಲ್ಲದಾಗ ಎಲ್ಲಿ ನಿಲ್ಲುತ್ತಾನೆ, ಎದುರಾಳಿ ಪಾಸ್ ಕೊಡುವ ದಾರಿಯನ್ನು ಹೇಗೆ ಮುಚ್ಚುತ್ತಾನೆ, ಡಿಫೆಂಡರ್ ಮುಂದೆ ಹೋದಾಗ ಅವನ ಜಾಗಕ್ಕೆ ಹೇಗೆ ಓಡಿ ಬರುತ್ತಾನೆ, ಇದನ್ನೆಲ್ಲ ಪೂರ್ತಿ ತೊಂಬತ್ತು ನಿಮಿಷ ಕೂತರಷ್ಟೇ ಕಾಣಬಹುದು. ಹಾಂಗ್‌ಕಾಂಗ್ ಗೋಲಿಗಿಂತ ನನಗೆ ಬಿಲ್ಬಾವೊದ ಓಟವೇ ಹೆಚ್ಚು. ಹುಡುಗರ ಜೊತೆ ನನಗೆ ಇದರ ಮೇಲೆ ವಾದವೂ ಆಗುತ್ತದೆ. ಪತ್ರ ಬರೆದ ಹಿರಿಯರು ಮಕ್ಕಳಿಗೆ ಫೋನ್ ನೋಡಬೇಡಿ ಅನ್ನುವ ಬದಲು, ಹದಿನೈದು ಸೆಕೆಂಡಿನದು ಬಿಟ್ಟು ತೊಂಬತ್ತು ನಿಮಿಷದ್ದು ನೋಡಿ ಅಂದಿದ್ದರೆ ನಾನೂ ಅವರ ಕಡೆಯೇ ಇರುತ್ತಿದ್ದೆ.

ಇನ್ನು ಗೊತ್ತಿಲ್ಲದ ದೇಶ ಅನ್ನುವ ಮಾತು. ಥಿಯಾರೊಯ್ ಊರಿನ ಬಗ್ಗೆ ಓದುವಾಗ ನನಗೆ ಕಣ್ಣು ತುಂಬಿತು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಪರವಾಗಿ ಹೋರಾಡಿ, ಜರ್ಮನ್ನರ ಕೈಗೆ ಸಿಕ್ಕು ಸೆರೆಯಲ್ಲಿದ್ದು ಬಂದ ಆಫ್ರಿಕಾದ ಸೈನಿಕರು ಅಲ್ಲಿನ ಶಿಬಿರದಲ್ಲಿದ್ದರು. ನಮಗೆ ಬರಬೇಕಾದ ಸಂಬಳ ಕೊಡಿ ಅಂದರು. 1944ರ ಡಿಸೆಂಬರ್ 1ರಂದು ಫ್ರೆಂಚ್ ಸೇನೆಯೇ ಅವರ ಮೇಲೆ ಗುಂಡು ಹಾರಿಸಿತು. ಅದು ಹತ್ಯಾಕಾಂಡ ಅಂತ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಒಪ್ಪಿಕೊಂಡದ್ದು 2024ರಲ್ಲಿ. ಎಂಬತ್ತು ವರ್ಷ ಬೇಕಾಯಿತು. ಅಂಥ ಊರಿನ ಹುಡುಗ ಇಂದು ಕಲಬುರಗಿಯ ಹುಡುಗನ ಬೆನ್ನ ಮೇಲೆ ಇದ್ದಾನೆ. ಆ ಊರು ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ಹುಡುಕುವ ಆಸೆ ನಮ್ಮ ಹುಡುಗರಿಗೆ ಬಂದದ್ದು ಇವನಿಂದಲೇ, ಪಠ್ಯಪುಸ್ತಕದಿಂದ ಅಲ್ಲ. ಇದು ಸಣ್ಣ ವಿಷಯವಾ?

ಆಟದಲ್ಲಂತೂ ಆ ದೇಶವನ್ನು ಗೊತ್ತಿಲ್ಲ ಅನ್ನುವಂತೆಯೇ ಇಲ್ಲ. 2002ರ ಮೇ 31, ಸೋಲ್ ನಗರ. ವಿಶ್ವಕಪ್ಪಿನ ಮೊದಲ ಪಂದ್ಯ. ಹಿಂದಿನ ಕಪ್ ಗೆದ್ದ ಫ್ರಾನ್ಸನ್ನು ಸೆನೆಗಲ್ ಒಂದು ಗೋಲಿನಿಂದ ಸೋಲಿಸಿತು. ಸೆನೆಗಲ್‌ಗೆ ಅದೇ ಮೊದಲ ವಿಶ್ವಕಪ್. ಗೋಲು ಹೊಡೆದ ಪಾಪಾ ಬೂಬಾ ದಿಯೊಪ್ ಅಂಗಿ ಬಿಚ್ಚಿ ಮೂಲೆಯ ಧ್ವಜದ ಹತ್ತಿರ ಇಟ್ಟ. ತಂಡದವರೆಲ್ಲ ಅದರ ಸುತ್ತ ಕುಣಿದರು. ಆತ 2020ರಲ್ಲಿ ತೀರಿಕೊಂಡರು. ಆ ವಿಶ್ವಕಪ್ಪಿನಲ್ಲಿ ನಾಯಕನಾಗಿದ್ದ ಅಲಿಯು ಸಿಸೆ 2002ರಲ್ಲೇ ಆಫ್ರಿಕಾ ಕಪ್ ಫೈನಲ್‌ನಲ್ಲಿ ಕೊನೆಯ ಪೆನಾಲ್ಟಿ ಕಳೆದುಕೊಂಡಿದ್ದರು. ಕಪ್ ಕ್ಯಾಮರೂನ್ ಪಾಲಾಯಿತು. ಇಪ್ಪತ್ತು ವರ್ಷ ಆದ ಮೇಲೆ, 2022ರ ಫೆಬ್ರುವರಿಯಲ್ಲಿ, ಕ್ಯಾಮರೂನ್ ನೆಲದಲ್ಲೇ, ಅದೇ ಸಿಸೆ ಕೋಚ್ ಆಗಿ ಆ ಕಪ್ ಗೆದ್ದರು. ಪಂದ್ಯದ ಶುರುವಿನಲ್ಲಿ ಪೆನಾಲ್ಟಿ ಕಳೆದುಕೊಂಡ ಮಾನೆಯೇ ಕೊನೆಯ ಪೆನಾಲ್ಟಿ ಹೊಡೆದು ಈಜಿಪ್ಟನ್ನು ಸೋಲಿಸಿದ. ಹತ್ತೊಂಬತ್ತರ ನಮ್ಮ ಸಾರ್ ಆ ತಂಡದಲ್ಲಿದ್ದ. 2025ರ ಜೂನ್‌ನಲ್ಲಿ ಇದೇ ಸೆನೆಗಲ್ ಇಂಗ್ಲೆಂಡನ್ನು ಅದರ ನೆಲದಲ್ಲೇ 3–1ರಿಂದ ಸೋಲಿಸಿತು. ಅದಕ್ಕೂ ಮೊದಲು ಆಫ್ರಿಕಾದ ಯಾವ ತಂಡವೂ ಇಂಗ್ಲೆಂಡನ್ನು ಸೋಲಿಸಿರಲಿಲ್ಲ. 2026ರ ವಿಶ್ವಕಪ್ಪಿಗೆ ಗುಂಪು ಹಂಚಿದಾಗ ಮತ್ತೆ ಫ್ರಾನ್ಸ್ ಜೊತೆಗೇ ಬಂತು.

ಇಷ್ಟೆಲ್ಲ ಒಂದು ಅಕಾಡೆಮಿಯಿಂದ ಆಗಿಲ್ಲ. ಅಲ್ಲಿ ಮಳೆಗಾಲದ ಶಾಲಾ ರಜೆಯಲ್ಲಿ ಓಣಿ ಓಣಿಯ ತಂಡಗಳ ನಡುವೆ ಟೂರ್ನಿ ನಡೆಯುತ್ತದೆ. ನವೆತಾನ್ ಅಂತಾರೆ. ಇಡೀ ಓಣಿ ತನ್ನ ತಂಡದ ಹಿಂದೆ ನಿಲ್ಲುತ್ತದೆ. ಮರಳಿನ ನೆಲದಲ್ಲಿ, ಸಿಕ್ಕ ಜಾಗದಲ್ಲಿ ಆಡಿ ಬಂದವರೇ ಮುಂದೆ ಕ್ಲಬ್ಬಿಗೆ ಹೋಗುವುದು. ನಮ್ಮಲ್ಲೂ ಓಣಿ ಅಭಿಮಾನಕ್ಕೆ ಬರ ಇಲ್ಲವಲ್ಲ. ಟೆನಿಸ್ ಬಾಲ್ ಟೂರ್ನಿಗೆ ಟ್ರೋಫಿ, ಬಹುಮಾನದ ದುಡ್ಡು, ಮೈಕ್ ಸೆಟ್ ಎಲ್ಲ ಹೇಗೋ ಹೊಂದುತ್ತದೆ.

ಫುಟ್‌ಬಾಲ್ ನಮ್ಮದಲ್ಲ ಅನ್ನುವವರಿಗೆ ನಮ್ಮ ಮಾವನವರ ಮಾತು ಹೇಳುತ್ತೇನೆ. ಅವರು ಗಿರಣಿಯಲ್ಲಿ ದುಡಿದವರು. ಕಲಬುರಗಿ, ಬೀದರ್ ಎಲ್ಲ 1956ರ ತನಕ ಹೈದರಾಬಾದ್ ರಾಜ್ಯದಲ್ಲಿ ಇದ್ದವು ಅಲ್ವಾ. ಆ ಹೊತ್ತಿನ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅಂದರೆ ದೇಶವೇ ನಡುಗುತ್ತಿತ್ತಂತೆ. 1950ರಿಂದ 54ರ ತನಕ ಸತತ ಐದು ಸಲ ರೋವರ್ಸ್ ಕಪ್ ಗೆದ್ದ ತಂಡ ಅದು. ಅದರ ಕೋಚ್ ಸೈಯದ್ ಅಬ್ದುಲ್ ರಹೀಂ, ಮೊದಲು ಶಾಲಾ ಮಾಸ್ತರರು. ಅವರೇ ಭಾರತ ತಂಡವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ತಂದರು. 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ ಚಿನ್ನ ಗೆದ್ದಾಗ ಅವರಿಗೆ ಕ್ಯಾನ್ಸರ್. ಮರು ವರ್ಷವೇ ಹೋಗಿಬಿಟ್ಟರು. ರಹೀಂ ಸಾಹೇಬರ ಸುದ್ದಿ ಬಂದರೆ ಮಾವ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಮಾತಾಡುತ್ತಿದ್ದರು. ಮೊಮ್ಮಗ ಲಂಡನ್ ತಂಡ ನೋಡುವುದನ್ನು ಅವರು ಒಂದು ದಿನವೂ ಬೈಯಲಿಲ್ಲ. ಪಕ್ಕದಲ್ಲಿ ಕೂತು, “ಆ ಉದ್ದನ್ನ ಹುಡುಗ ಛಲೋ ಆಡ್ತಾನ” ಅನ್ನುತ್ತಿದ್ದರು.

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ಆ ಹಿರಿಯರು ಇದರ ಬಗ್ಗೆ ಬರೆದಿದ್ದರೆ ಒಳ್ಳೆಯದಿತ್ತು.

ಸಾರ್ ಫೋಟೊಗಳ ಕೆಳಗೆ ಬರುವ ಮಾತುಗಳನ್ನು ನಾನು ಓದಿದ್ದೇನೆ. ಪ್ರೀತಿಯ ಮಾತೇ ಜಾಸ್ತಿ. ನಡುವೆ ಮಂಗನ ಚಿತ್ರ ಹಾಕುವವರು, ಬಣ್ಣದ ಬಗ್ಗೆ ಹೊಲಸು ಬರೆಯುವವರು ಇದ್ದಾರೆ. ಬರೆಯುವವರು ಯುರೋಪಿನವರೇ ಆಗಬೇಕು ಅಂತ ಇಲ್ಲ. ಕನ್ನಡದಲ್ಲೂ ಕಂಡೆ. ಹಾಂಗ್‌ಕಾಂಗ್ ಗೋಲು ಆಗಿ ಎರಡು ವಾರಕ್ಕೆ, 2025ರ ಆಗಸ್ಟ್ 13ರಂದು ಟಾಟನ್‌ಹ್ಯಾಮ್ ಯುರೋಪಿನ ಸೂಪರ್ ಕಪ್ ಪಂದ್ಯ ಆಡಿತು. ಪ್ಯಾರಿಸ್‌ನ ಪಿಎಸ್‌ಜಿ ತಂಡದ ವಿರುದ್ಧ ಎರಡು ಗೋಲು ಮುಂದಿದ್ದು, ಕೊನೆಗೆ ಪೆನಾಲ್ಟಿಯಲ್ಲಿ ಸೋತಿತು. ಪೆನಾಲ್ಟಿ ಕಳೆದುಕೊಂಡವರಲ್ಲಿ ಫ್ರಾನ್ಸಿನ ಮತೀಸ್ ತೆಲ್ ಒಬ್ಬ. ಇಪ್ಪತ್ತು ವರ್ಷದ ಕಪ್ಪು ಹುಡುಗ. ಅವನ ಮೇಲೆ ಫೋನಿನಲ್ಲಿ ಬಿದ್ದ ಬೈಗುಳ ಎಷ್ಟಿತ್ತೆಂದರೆ ಕ್ಲಬ್ಬೇ ಮರುದಿನ ಖಂಡಿಸಿ ಹೇಳಿಕೆ ಕೊಡಬೇಕಾಯಿತು. ಅವನ ಜೊತೆ ಪೆನಾಲ್ಟಿ ಕಳೆದುಕೊಂಡ ಬಿಳಿಯ ಆಟಗಾರನಿಗೆ ಯಾರೂ ಬಣ್ಣದ ಬೈಗುಳ ಬೈಯಲಿಲ್ಲ. ಸೆನೆಗಲ್ ನಾಯಕ ಕಾಲಿದು ಕೂಲಿಬಾಲಿಗೆ 2018ರಲ್ಲಿ ಮಿಲಾನ್ ಸ್ಟೇಡಿಯಂನಲ್ಲಿ ಇದೇ ಆಗಿತ್ತು. ಗೆದ್ದರೆ ಸ್ಟೇಟಸ್‌ನಲ್ಲಿ, ಸೋತರೆ ಮಂಗ. ಇಂಥ ಜನಪ್ರಿಯತೆಯನ್ನು ಇಪ್ಪತ್ತರ ಹುಡುಗರು ಹೇಗೆ ಹೊರುತ್ತಾರೋ.

ಇದು ದೂರದ ವಿಷಯ ಅಲ್ಲ. ಒಂದು ಸಲ ಒಂದು ತಂಡದವರು ಜೆರ್ಸಿಗೆ ಹೆಸರಿನ ಪಟ್ಟಿ ತಂದರು. ಹನ್ನೊಂದು ಜನರಲ್ಲಿ ಒಬ್ಬನ ಹೆಸರಿನ ಜಾಗದಲ್ಲಿ “ಕಾಲಿಯಾ”, ಅಂದರೆ ಕರಿಯ, ಅಂತ ಬರೆದಿತ್ತು. ಇದೇನು ಅಂದೆ. “ಚಾಷ್ಟಿಗಿ ಅಕ್ಕಾ, ನಾವು ಅವನಿಗೆ ಹಂಗೇ ಕರೀತೀವಿ” ಅಂದರು. ಆ ಹುಡುಗ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ. ಉಳಿದವರ ಜೊತೆ ತಾನೂ ನಗುತ್ತಿದ್ದ, ಆದರೆ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಒತ್ತಲ್ಲ ಅಂದೆ. ಬೇಕಾದರೆ ಬೇರೆ ಅಂಗಡಿಗೆ ಹೋಗಿ ಅಂದೆ. ನಿಮ್ಮಲ್ಲಿ ಎಷ್ಟು ಜನ ಬಿಳಿ ಜೆರ್ಸಿಯ ಮೇಲೆ ಸಾರ್ ಅಂತ ಹಾಕಿಸಿಕೊಂಡು ಹೋಗಿದ್ದೀರಿ, ಅವನ ಬಣ್ಣ ಯಾವುದು ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ತಂಡದ ನಾಯಕ ಪಟ್ಟಿ ತಗೊಂಡು ಆ ಗೆರೆ ಹೊಡೆದು, ಅವನ ಅಪ್ಪ ಅವ್ವ ಇಟ್ಟ ಹೆಸರು ಬರೆದು ಕೊಟ್ಟ. ಅದೇ ಒತ್ತಿ ಕೊಟ್ಟೆ. ಆ ಹುಡುಗನ ನಂಬರು ಏನು ಬೇಕು ಅಂದಾಗ ಅವನೇ ಬಾಯಿ ಬಿಟ್ಟು 29 ಅಂದ.

ಆಫ್ರಿಕಾದವರು ನಮಗೆ ಹೊಸಬರೂ ಅಲ್ಲ. ಬಹಮನಿ ಸುಲ್ತಾನರ ರಾಜಧಾನಿ ನಮ್ಮ ಊರಿನಿಂದ ಬೀದರಿಗೆ ಹೋಯಿತು ಅಂತ ಎಲ್ಲರಿಗೂ ಗೊತ್ತು. ಆ ಆಸ್ಥಾನದಲ್ಲಿ ಹಬ್ಶಿ ಸರದಾರರು ಇದ್ದರು. ಬೀದರಿನಲ್ಲಿ ಹಬ್ಶಿ ಕೋಟ್ ಅಂತ ಗುಡ್ಡವೇ ಇದೆ, ಅಲ್ಲಿ ಅವರ ಸಮಾಧಿಗಳಿವೆ. ಅವರು ಪೂರ್ವ ಆಫ್ರಿಕಾದ ಕಡೆಯವರು, ಸೆನೆಗಲ್ ಇರುವುದು ಆ ಖಂಡದ ಪಶ್ಚಿಮದ ತುದಿಯಲ್ಲಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಇರುವ ಆಫ್ರಿಕಾ ಮೂಲದ ಸಿದ್ದಿಗಳು ಇಂದಿಗೂ ಕನ್ನಡವನ್ನೂ ಮಾತಾಡುತ್ತಾರೆ. ಅವರೂ ಈ ಪತ್ರಿಕೆ ಓದುತ್ತಾರೆ. ಆಫ್ರಿಕಾದ ಆಟಗಾರನ ಬಗ್ಗೆ ನಾವು ಬರೆಯುವ ಒಂದೊಂದು ಮಾತೂ ಅವರ ಮಕ್ಕಳ ಕಣ್ಣಿಗೂ ಬೀಳುತ್ತದೆ.

ಹೊತ್ತು ಹಾಳಾಗುತ್ತದೆ ಅನ್ನುವ ದೂರಿಗೆ ನನ್ನ ಉತ್ತರ ಒಂದೇ. ಆಡಲು ಜಾಗ ಕೊಡಿ. ನಮ್ಮ ಭಾಗದ ಮೈದಾನವೊಂದರ ಸ್ಥಿತಿ ನೋಡಿ ಬರೆಯುತ್ತಿದ್ದೇನೆ. ವರ್ಷದಲ್ಲಿ ತಿಂಗಳುಗಟ್ಟಲೆ ಪ್ರದರ್ಶನ, ಸಮಾವೇಶ, ಮದುವೆ. ಪೆಂಡಾಲ್ ಕಂಬ ಕಿತ್ತ ಮೇಲೆ ಗುಂಡಿ ಹಾಗೇ ಬಿಡುತ್ತಾರೆ. ಮೊಳೆ, ಬಾಟಲಿ ಚೂರು, ಜಲ್ಲಿ ಕಲ್ಲು. ಹುಡುಗನೊಬ್ಬ ಕಾಲು ಕೊಯ್ದುಕೊಂಡು ಹೊಲಿಗೆ ಹಾಕಿಸಿಕೊಂಡ. ಉಳಿದ ದಿನ ಗೇಟಿಗೆ ಬೀಗ. ನಮ್ಮ ಬಿಸಿಲಿನಲ್ಲಿ ಆಡಲು ಆಗುವುದು ಬೆಳಗ್ಗೆ ಎಂಟರ ಒಳಗೆ, ಇಲ್ಲವೇ ಸಂಜೆ ಹೊತ್ತು ಇಳಿದ ಮೇಲೆ. ಅದೇ ಹೊತ್ತಿಗೆ ಬೀಗ. ಅಂದ ಮೇಲೆ ಹುಡುಗರು ಗೋಡೆಗೆ ಒರಗಿ ಫೋನ್ ನೋಡದೆ ಏನು ಮಾಡಬೇಕು? ಮೈದಾನಕ್ಕೆ ಬೀಗ ಹಾಕಿ, ಫೋನ್ ನೋಡಿದರೆ ಬೈಯುವುದು ನ್ಯಾಯ ಅಲ್ಲ.

ಹೆಣ್ಣುಮಕ್ಕಳಿಗಂತೂ ಇನ್ನೂ ಕಷ್ಟ. ಹೈಸ್ಕೂಲ್ ಓದುವ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಳು. ಅವಳೂ 29 ಕೇಳಿದಳು. ಮೇಲೆ ಸಾರ್ ಅಂತ ಹಾಕಲಾ ಅಂದರೆ, “ಬ್ಯಾಡ್ರಿ, ನನ್ನ ಹೆಸರೇ ಹಾಕ್ರಿ” ಅಂದಳು. ಅವಳ ಅಪ್ಪ ಆಟೊ ಓಡಿಸುತ್ತಾರೆ. ಅವಳು ಆಡುವುದು ಶಾಲೆಯ ಅಂಗಳದಲ್ಲಿ, ಹುಡುಗರು ಬಿಟ್ಟ ಹೊತ್ತಿನಲ್ಲಿ. ಕೋಚ್ ಇಲ್ಲ. ಪಾಸ್ ಕೊಡುವುದು, ತಿರುಗುವುದು, ತಲೆ ಎತ್ತಿ ನೋಡುವುದು ಎಲ್ಲ ಅದೇ ವಿಡಿಯೊ ನಿಧಾನ ಮಾಡಿ ಮಾಡಿ ನೋಡಿ ಕಲಿತದ್ದು. ಈಚೆಗೆ ಹುಡುಗರಲ್ಲೂ 29ರ ಮೇಲೆ ತಮ್ಮದೇ ಹೆಸರು ಹಾಕಿಸುವವರು ಹೆಚ್ಚಾಗಿದ್ದಾರೆ. ನನಗೆ ಇದು ತುಂಬಾ ಹಿಡಿಸಿತು.

ನನ್ನ ಕೋರಿಕೆ ಹೆಚ್ಚೇನಿಲ್ಲ. ಊರಿನ ಮೈದಾನಗಳ ಉಸ್ತುವಾರಿ ಇರುವವರು ಬೆಳಗ್ಗೆ ಐದೂವರೆಗೆ ಗೇಟು ತೆಗೆಸಲಿ, ಸಂಜೆ ಒಂದು ದೀಪ ಹಾಕಿಸಲಿ. ಕಾರ್ಯಕ್ರಮಕ್ಕೆ ಮೈದಾನ ತಗೊಂಡವರಿಂದ ಗುಂಡಿ ಮುಚ್ಚಿಸಿ, ಮೊಳೆ ಆಯಿಸಿದ ಮೇಲೆಯೇ ಠೇವಣಿ ವಾಪಸ್ ಕೊಡಲಿ. ವಾರದಲ್ಲಿ ಎರಡು ದಿನ ಹೆಣ್ಣುಮಕ್ಕಳಿಗೆ ಅಂತಲೇ ಹೊತ್ತು ಇಡಲಿ. ಮಳೆಗಾಲ ಶುರುವಾದ ಮೇಲೆ ಓಣಿ ತಂಡಗಳ ಫುಟ್‌ಬಾಲ್ ಟೂರ್ನಿ ಮಾಡುತ್ತೇವೆ ಅಂತ ಯಾರಾದರೂ ಮುಂದೆ ಬಂದರೆ ಎಲ್ಲ ತಂಡಕ್ಕೂ ನಂಬರು, ಹೆಸರು ನಾನು ಉಚಿತವಾಗಿ ಒತ್ತಿ ಕೊಡುತ್ತೇನೆ. ಜೆರ್ಸಿ ಬಟ್ಟೆಯ ಖರ್ಚು ಮಾತ್ರ ಅವರದು.

ನಿಮ್ಮಲ್ಲೂ ಒಂದು ಬೇಡಿಕೆ ಇದೆ, ಸಂಪಾದಕರೇ. ನಿಮ್ಮ ಕ್ರೀಡಾ ಪುಟದಲ್ಲಿ ಫುಟ್‌ಬಾಲ್‌ಗೆ ಸಿಗುವುದು ಮೂಲೆಯ ನಾಲ್ಕು ಸಾಲು. ಈ ಹುಡುಗರು ಓದುವುದಿಲ್ಲ ಅಂತ ತಿಳಿಯಬೇಡಿ. ಓದಲು ಕನ್ನಡದಲ್ಲಿ ಸಿಗುವುದಿಲ್ಲ, ಅದಕ್ಕೆ ಅರ್ಥವಾದಷ್ಟು ಇಂಗ್ಲಿಷಿನಲ್ಲಿ ಓದುತ್ತಾರೆ. ಥಿಯಾರೊಯ್‌ನ ಬಗ್ಗೆ, ಜೆನರೇಷನ್ ಫುಟ್ ಬಗ್ಗೆ, ರಹೀಂ ಸಾಹೇಬರ ಬಗ್ಗೆ ವಾರಕ್ಕೊಂದು ಅರ್ಧ ಪುಟ ಬರೆಸಿ. ಸೆನೆಗಲ್ ಪಂದ್ಯ ಇದ್ದ ದಿನ ನಮ್ಮ ಗಡಿಯಾರದ ಪ್ರಕಾರ ಎಷ್ಟು ಗಂಟೆಗೆ ಅಂತ ಹಿಂದಿನ ದಿನವೇ ಹಾಕಿ. ಪತ್ರಿಕೆಯ ಆ ಪುಟವನ್ನು ಅಂಗಡಿಯ ಗೋಡೆಗೆ ಅಂಟಿಸುವ ಕೆಲಸ ನಂದು.

— ಜೆರ್ಸಿ ಪ್ರಿಂಟಿಂಗ್ ಅಂಗಡಿಯ ಒಡತಿ, ಕಲಬುರಗಿ